ಕಾರಿನಲ್ಲಿಟ್ಟ ನೀಲಿ ಅಂಗಿ

ನವೆಂಬರ್ ೧೮, ಸಂಜೆ, ಆಫೀಸು

ಪರೇಡ್ ಮುಗಿಯಿತು. ಎನ್‌ಸಿಸಿ ಹುಡುಗರಿಗೆ ಎಡಗಾಲು ಯಾವುದು, ಬಲಗಾಲು ಯಾವುದು ಇನ್ನೂ ಗೊತ್ತಿಲ್ಲ. ಬೈದೆ. ನಕ್ಕರು. ಆಯುಷ್ಯವೆಲ್ಲ ಸೈನ್ಯದಲ್ಲಿ ಸವೆಸಿ, ಕೊನೆಯ ಪೋಸ್ಟಿಂಗ್ ಅಂತ ಧಾರವಾಡಕ್ಕೇ ಬಂದೆ. ಹುಟ್ಟಿದ ಊರು, ಆರಾಮ ಕೆಲಸ. ಕರ್ನಲ್ ಸೀಲಾಸ ಸಾಹೇಬರಿಗೆ ಈಗ ಎಂಥ ಚಿಂತೆ ಅಂತ ಜನ ಕೇಳುತ್ತಾರೆ.

ಚಿಂತೆಯ ಹೆಸರು ಆಶೀಷ್. ನನ್ನ ಮಗ, ಕ್ಯಾಪ್ಟನ್. ಹಿಮದ ಗಡಿಯಲ್ಲಿದ್ದಾನೆ. ಫೋನ್ ಬಂದು ವಾರದ ಮೇಲಾಯಿತು. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ನನಗೆ ಗೊತ್ತು, ನಾನೂ ಅಲ್ಲಿದ್ದವನು. ಗೊತ್ತಿರುವುದೇ ತೊಂದರೆ. ಗೊತ್ತಿಲ್ಲದ ಅಪ್ಪಂದಿರು ಹಾಯಾಗಿ ನಿದ್ದೆ ಮಾಡುತ್ತಾರೆ.

ಇನ್ನು ಯೂನಿಫಾರ್ಮ್ ಕಳಚಿ, ನೀಲಿ ಅಂಗಿ ಹಾಕಿಕೊಂಡು ಮನೆಗೆ. ಆಶೀಷ್ ಗಡಿಗೆ ಹೋದಾಗಿನಿಂದ ವಿಕ್ಟೋರಿಯಾಳ ಕಾನೂನು ಇದು — ಯೂನಿಫಾರ್ಮ್ ಗೇಟು ದಾಟಬಾರದು. ಸೈನಿಕನ ಹೆಂಡತಿ. ಯೂನಿಫಾರ್ಮಿನವರು ಬಾಗಿಲಿಗೆ ಬಂದರೆ ಏನರ್ಥ ಅಂತ ಅವಳಿಗೆ ಹೇಳಿಕೊಡಬೇಕಿಲ್ಲ. ಡ್ರೈವರ್ ಮೆಹಬೂಬ ದಿನಾ ಅಂಗಿ ಇಸ್ತ್ರಿ ಮಾಡಿಸಿ ಕಾರಿನಲ್ಲಿಡುತ್ತಾನೆ.

ಈ ಡೈರಿ ಮಾತ್ರ ಆಫೀಸಿನಲ್ಲೇ ಇರಲಿ. ನಾನು ಹೆದರುತ್ತೇನೆಂದು ಅವಳಿಗೆ ತಿಳಿಯಬಾರದು.

ನವೆಂಬರ್ ೧೯

ಆಶೀಷ್ ಫೋನ್ ಮಾಡಿದ! "ಪಪ್ಪಾ, ಆರಾಮ ಅದೇನಿ. ಮಮ್ಮಿಗೆ ಕರ್ಚಿಕಾಯಿ ಎತ್ತಿಡಾಕ ಹೇಳ್ರಿ. ಕ್ರಿಸ್‌ಮಸ್ಸಿಗೆ ಆಗಲಿಲ್ಲಂದ್ರೂ ಜನವರಿಗೆ ಬರ್ತೇನಿ..." ಕಟ್ ಆಯಿತು. ಒಬ್ಬನೇ ಕೂತು ನಕ್ಕೆ. ಎನ್‌ಸಿಸಿ ಹುಡುಗರಿಗೆ ಇವತ್ತು ಬೈಗುಳ ಮಾಫಿ.

ಡಿಸೆಂಬರ್ ೪

ಬರೆಯಲು ಕೈ ಬರುತ್ತಿಲ್ಲ.

ಸಿಪಾಯಿ ಕಲ್ಲೇಶ. ನವಲಗುಂದದ ಕಡೆಯ ಹಳ್ಳಿಯವನು. ಆಶೀಷ್ ಇರುವ ಕಡೆಯೇ, ಗಸ್ತಿನಲ್ಲಿದ್ದಾಗ ಹಿಮ ಕುಸಿದು ಹೋಗಿಬಿಟ್ಟ. ಇಂಥ ಸುದ್ದಿಯನ್ನು ಮನೆಯವರಿಗೆ ಫೋನಿನಲ್ಲಿ ಹೇಳುವ ಪದ್ಧತಿ ಇಲ್ಲ. ಹತ್ತಿರದ ಅಧಿಕಾರಿ ಯೂನಿಫಾರ್ಮಿನಲ್ಲಿ ಹೋಗಿ, ಎದುರು ನಿಂತು ಹೇಳಬೇಕು. ಇಲ್ಲಿ ಹತ್ತಿರದ ಅಧಿಕಾರಿ ಎಂದರೆ ನಾನು.

ತಾಯಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನನ್ನ ಯೂನಿಫಾರ್ಮ್ ನೋಡಿದಳು. ನಾನು ಬಾಯಿ ತೆರೆದೆ.

"ಮೊದಲ ಕುಂದರ್ರಿ ಸಾಹೇಬ್ರ. ಚಾ ಕುಡೀರಿ. ಆಮ್ಯಾಲೆ ಹೇಳೀರಂತ."

ಕುಡಿದೆ. ಇನ್ನೊಂದು ಕಪ್ಪು ತಂದಳು. ಅದನ್ನೂ ಕುಡಿದೆ. ಮತ್ತೊಂದಕ್ಕೆ ಒಳಗೆ ಹೋದಾಗ ಅವಳ ಗಂಡ ಮೆಲ್ಲಗೆ ಅಂದ, "ಹೇಳಿಬಿಡ್ರಿ. ಮನ್ಯಾಗ ಹಾಲು ತೀರ್ಯಾವು."

ಹೇಳಿದೆ.

ಮರಳುವ ದಾರಿಯುದ್ದಕ್ಕೂ ಒಂದೇ ಯೋಚನೆ, ಬರೆಯಲೂ ನಾಚಿಕೆ — ಸದ್ಯ, ನನ್ನ ಮಗನಲ್ಲ.

ಡಿಸೆಂಬರ್ ೧೫, ಬೆಳಿಗ್ಗೆ

ಮೊನ್ನೆ ನಾನು ಮಾಡಿದ ಕತ್ತೆ ಕೆಲಸ ಬರೆದಿಡುತ್ತೇನೆ.

ಮೆಹಬೂಬನಿಗೆ ರಜೆ. ಅಂಗಿ ಇಸ್ತ್ರಿ ಅಂಗಡಿಯಲ್ಲೇ ಉಳಿದಿತ್ತು. ಯೂನಿಫಾರ್ಮಿನಲ್ಲೇ ಕಾರು ಹತ್ತಿದೆ — ಗೇಟಿನ ಹೊರಗೆ ನಿಂತು ಅವಳಿಗೆ ಫೋನ್ ಮಾಡಿದರಾಯಿತು ಅಂತ. ದಾರಿಯಲ್ಲಿ ನಮ್ಮ ಚರ್ಚಿನ ಪಾದ್ರಿ ಕ್ರಿಸ್ಟೋಫರ್ ಅಯ್ಯನವರು ಕೈ ಮಾಡಿದರು. "ನಿಮ್ಮ ಮನೀಗೇ ಹೊಂಟಿದ್ನಿ. ಕ್ಯಾರಲ್ ಹಾಡೋ ಮಂದಿಗೆ ಕರ್ಚಿಕಾಯಿ ಬೇಕಾಗಿದ್ದೂವು, ವಿಕ್ಟೋರಿಯಾಬಾಯಾರಿಗೆ ಕೇಳೂಣಂತ." ಹತ್ತಿಸಿಕೊಂಡೆ. ಹರಟೆಯಲ್ಲಿ ನಮ್ಮ ಮನೆಯಿರುವ ಕೆಲಗೇರಿ ಬಂದದ್ದೇ ತಿಳಿಯಲಿಲ್ಲ. ಫೋನ್ ಮಾಡುವುದು ಮರೆತೇಹೋಯಿತು.

ಯೂನಿಫಾರ್ಮಿನಲ್ಲಿ ನಾನು, ಪಕ್ಕದಲ್ಲಿ ಪಾದ್ರಿ. ನಮ್ಮ ಚರ್ಚಿನವರ ಮನೆಗೆ ಸಾವಿನ ಸುದ್ದಿ ಒಯ್ಯುವಾಗ ಪಾದ್ರಿಯನ್ನೂ ಕರೆದೊಯ್ಯುತ್ತೇನೆಂದು ಅವಳಿಗೆ ಎಂದೋ ಹೇಳಿದವನೂ ನಾನೇ. ಗೇಟು ತೆರೆದಾಗ ಹೊಳೆಯಿತು.

ವಿಕ್ಟೋರಿಯಾ ಬಾಗಿಲಲ್ಲಿದ್ದಳು. ಕೈತುಂಬ ಹಿಟ್ಟು. ಚೀರಲಿಲ್ಲ. ಒಂದೇ ಮಾತು ಕೇಳಿದಳು.

"ಯಾವಾಗ?"

ಮೆಟ್ಟಿಲ ಮೇಲೆ ಕುಸಿದಳು. "ಆಶೀಷ್ ಆರಾಮ ಅದಾನ! ಆರಾಮ ಅದಾನ!" ಅಂತ ಕೂಗಿದೆ. ಅವಳಿಗೆ ಕೇಳಿಸಲೇ ಇಲ್ಲ. ಎಚ್ಚರವಾದ ಮೇಲೆ ಅದೇ ಹಿಟ್ಟಿನ ಕೈಯಿಂದ ನನ್ನ ಎದೆಗೆ ಗುದ್ದಿದಳು. ಪದಕದ ಪಟ್ಟಿಯೆಲ್ಲ ಬೆಳ್ಳಗಾಯಿತು. ಅಯ್ಯನವರು ಕರ್ಚಿಕಾಯಿಯ ಮಾತೇ ಎತ್ತದೆ ಪ್ರಾರ್ಥನೆ ಮಾಡಿ ಹೋದರು.

ವಿದ್ಯಾನಗರದ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಹೃದಯ ದುರ್ಬಲವಾಗಿದೆಯಂತೆ. ಇಂಥದ್ದು ಇನ್ನೊಮ್ಮೆ ಆಗಬಾರದು ಅಂದರು ಡಾಕ್ಟರು. ಮೊದಲು ಮಗನೊಬ್ಬನ ಚಿಂತೆಯಿತ್ತು, ಈಗ ಇಬ್ಬರದು.

ನಿನ್ನೆ ಮನೆಗೆ ಬಂದು, ಮಲಗಿಕೊಂಡೇ ಅಂದಳು, "ಇನ್‌ಮ್ಯಾಲೆ ಕಿಡಕಿಯಿಂದ ನೋಡತೇನಿ. ನೀಲಿ ಅಂಗಿ ಇತ್ತಂದ್ರ ಮಗಾ ಆರಾಮ ಅದಾನಂತ ತಿಳದು ಬಾಗಲಾ ತಗೀತೇನಿ. ಡ್ರೆಸ್ಸಿನ್ಯಾಗ ಬಂದ್ರ ತಗಿಯಂಗಿಲ್ಲ. ಖರೇ ಹೇಳಾಕತ್ತೇನ್ರಿ."

"ಆತು."

"ಹಂಗಲ್ಲ. ಮಾತು ಕೊಡ್ರಿ."

ಕೊಟ್ಟೆ.

ಡಿಸೆಂಬರ್ ೨೦

ದಿನಾ ನೀಲಿ ಅಂಗಿ, ದಿನಾ ಬಾಗಿಲು ತೆರೆಯುತ್ತದೆ. "ಕರ್ನಲ್ ಸಾಹೇಬ್ರಿಗೆ ಇನ್ನೊಂದ ಅಂಗಿ ಇಲ್ಲೇನ್ರಿ ಅಂತ ಬಾಜೂಮನಿಯವ್ರು ಕೇಳಾಕತ್ತಾರ" ಅಂತ ನಗುತ್ತಾಳೆ. ಕರ್ಚಿಕಾಯಿ ಡಬ್ಬಿ ತುಂಬಿದೆ. ಒಂದನ್ನೂ ಮುಟ್ಟಗೊಡುವುದಿಲ್ಲ.

ಆಶೀಷನ ಫೋನ್ ಇಲ್ಲ. ಅಲ್ಲಿ ಭಾರಿ ಹಿಮ ಅಂತ ಟಿವಿಯಲ್ಲಿ. ಆಫೀಸಿನ ಫೋನ್ ಸದ್ದಾದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಇವತ್ತು ಯಾರೋ ಬ್ಯಾಂಡ್‌ಸೆಟ್ ಬಾಡಿಗೆಗೆ ಕೇಳಿದರು. ಗಡಿಯಿಂದೇನು ಅಂತ ಎರಡು ಸಲ ಕೇಳಿದೆ.

ಡಿಸೆಂಬರ್ ೨೩, ಸಂಜೆ

ಹೆಡ್‌ಕ್ವಾರ್ಟರ್ಸ್ ಫೋನ್. ಯಾರೋ ಹೊಸ ಹುಡುಗ. ನಾನು ಯಾರೆಂದು ಅವನಿಗೆ ತಿಳಿಯದು. "ಸರ್, ನಿಮ್ಮ ಜಿಲ್ಲೆಯಲ್ಲಿ ಒಂದು ಸುದ್ದಿ ಮುಟ್ಟಿಸಬೇಕು. ಹಿಮಕುಸಿತ. ವಿಳಾಸ ಬರೆದುಕೊಳ್ಳಿ."

ಪೆನ್ನು ತೆಗೆದೆ. ಅವನು ಓದಿದ. ಧಾರವಾಡ. ಕೆಲಗೇರಿ. ಕೆರೆಯ ಕಡೆಯ ರಸ್ತೆ. ಬರೆದುಕೊಳ್ಳುತ್ತಲೇ ಹೋದೆ. ಮನೆ ನಂಬರನ್ನೂ ಬರೆದೆ. ಆಮೇಲೆ ಅವನು ಹೆಸರು ಹೇಳಿದ. ಕ್ಯಾಪ್ಟನ್ ಆಶೀಷ್.

"ಆಯಿತು, ನಾನೇ ಹೋಗುತ್ತೇನೆ" ಅಂದೆ.

ಆಶೀಷ್. ಕಂದಾ.

ಅಯ್ಯನವರಿಗೆ ಹೇಳಿದೆ, ಚರ್ಚಿನ ಮುಂದೆ ಕಾಯುತ್ತಾರೆ. ಡಾಕ್ಟರಿಗೂ ಹೇಳಿದೆ, ಹಿಂದೆಯೇ ಬರುತ್ತಾರೆ. ಅಷ್ಟರಲ್ಲಿ ವಿಕ್ಟೋರಿಯಾಳ ಫೋನ್. "ಲಗೂ ಬರ್ರಿ, ನಕ್ಷತ್ರ ತೂಗಹಾಕೂದದ." ಹೂಂ ಅಂದೆ. ನನ್ನ ದನಿ ಸರಿಯಾಗಿಯೇ ಇತ್ತು.

ಈ ಡ್ರೆಸ್ಸಿನಲ್ಲಿ ಹೋದರೆ ಬಾಗಿಲು ತೆರೆಯುವುದಿಲ್ಲ. ಒಳಗೆ ಒಬ್ಬಳೇ... ಅಂಗಿಯಲ್ಲಿ ಹೋದರೆ ನಗುತ್ತಾ ತೆರೆಯುತ್ತಾಳೆ. ಆ ನಗು ನೋಡಲು ನನಗೆ ಹೆದರಿಕೆ. ದೇವರೇ, ಯಾವತ್ತೂ ಇಷ್ಟು ಹೆದರಿರಲಿಲ್ಲ.

ಮೆಹಬೂಬ ಬಂದ. ಅವನಿಗಿನ್ನೂ ಗೊತ್ತಿಲ್ಲ. ಇಸ್ತ್ರಿಯ ಬಿಸಿ ಆರದ ಅಂಗಿ ಮುಂದೆ ಹಿಡಿದು ನಿಂತಿದ್ದಾನೆ.

"ಹೊತ್ತಾತ್ರಿ ಸಾಹೇಬ್ರ. ಹಾಕ್ಕೋರಿ. ಬಾಯಾರು ಕಿಡಕ್ಯಾಗ ನಿಂತಿರ್ತಾರ."

ಅಂಗಿ ಕೈಗೆ ತಗೊಂಡೆ. ಗುಂಡಿ ಒಂದೊಂದಾಗಿ ಹಾಕಿಕೊಂಡೆ, ಅವಳು ಬಾಗಿಲು ತೆರೆಯಲಿ ಅಂತ.