ಕೆಂಪು ಗುಂಡಿ

ಸಿಂಧನೂರು
ಭಾನುವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಅಣ್ಣಾ,

ಈ ಪತ್ರವನ್ನು ಕ್ಷೇಮಸಮಾಚಾರಕ್ಕೇ ಮುಗಿಸಿಬಿಡಬೇಕೆಂದಿದ್ದೆ. ಮೊದಲು ಬರೆದ ಹಾಳೆಯಲ್ಲಿ ಅಪ್ಪನ ಹೆಸರೇ ಇರಲಿಲ್ಲ. ಓದಿ ನೋಡಿದರೆ ಯಾರೋ ಗುರುತಿಲ್ಲದವರಿಗೆ ಬರೆದಂತಿತ್ತು. ಅದಕ್ಕೇ ಮತ್ತೆ ಕುಳಿತಿದ್ದೇನೆ.

ನಿನ್ನ ಬೆನ್ನುನೋವು ಹೇಗಿದೆ? ಸೋಲಾಪುರದಲ್ಲಿ ನಿನ್ನನ್ನು ಕಂಡು ಬಂದ ವೀರೇಶ ಮಾವ, ಮೋಟರ್ ವೈಂಡಿಂಗ್ ಮಾಡಿ ಮಾಡಿ ನಿನ್ನ ಬೆನ್ನು ಬಾಗಿದೆ ಎಂದ. ಅವ್ವ ಆರಾಮಾಗಿದ್ದಾಳೆ. ಮೊಣಕಾಲು ಹಿಡಿದಿದೆ, ಬಾಯಿ ಇನ್ನೂ ಹಿಡಿದಿಲ್ಲ. ನಾನು ಅದೇ ಕಾಲೇಜಿನಲ್ಲಿ ಅದೇ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ.

ಅಪ್ಪ ಆಪರೇಟರ್ ಆಗಿದ್ದ ಅಕ್ಕಿ ಮಿಲ್ಲನ್ನು ಈ ಬೇಸಿಗೆಯಲ್ಲಿ ಕೆಡವಿದರು. ಗುಜರಿಗೆ ಹೊರಟಿದ್ದ ಪೆಟ್ಟಿಗೆಯೊಳಗೆ, ಮೋಟರ್ ನಡೆಸಲು ನೀನು ಮಾಡಿದ ಬೋರ್ಡು ಸಿಕ್ಕಿತು. ಬೋರ್ಡು ಕರಕಲಾಗಿತ್ತು, ಇಪ್ಪತ್ತು ಕಾಲಿನ ಆ ಎಲೆಕ್ಟ್ರಾನಿಕ್ ಚಿಪ್ಪು ಮಾತ್ರ ಕುಳಿತಲ್ಲೇ ಗಟ್ಟಿಯಾಗಿತ್ತು. ಯಾವ ಗುಂಡಿ ಒತ್ತಿದರೆ ಮೋಟರ್ ಏನು ಮಾಡಬೇಕೆಂದು ನೀನು ಅದರೊಳಗೆ ಬರೆದಿದ್ದೆಯಲ್ಲ, ಅದನ್ನು ಓದಬೇಕೆನಿಸಿತು. ಮಿಲ್ಲಿನಲ್ಲಿ ಕೂಲಿಗಿದ್ದ ಲಾಲ್‌ಬೀಯ ಬೆರಳುಗಳು ಹೋದ ದಿನ ಯಾರದೂ ತಪ್ಪಿರಲಿಲ್ಲ ಎಂದು ಅದು ಹೇಳೀತೆಂಬ ಆಸೆಯಿತ್ತೇನೋ. ಆ ದಿನ ಕರೆಂಟ್ ಹೋಗಿತ್ತು, ಕಾಳು ಮೇಲೆತ್ತುವ ಎಲಿವೇಟರ್ ಪಟ್ಟಿಯ ಬುಡದಲ್ಲಿ ಭತ್ತ ಕಟ್ಟಿಕೊಂಡಿತ್ತು, ಲಾಲ್‌ಬೀ ಕೈ ಹಾಕಿ ಬಿಡಿಸುತ್ತಿದ್ದಳು. ಅಪ್ಪ, ಒಮ್ಮೆ ಒತ್ತಿದರೆ ಬಿಡಿಸುವವರೆಗೂ ಮೋಟರನ್ನು ತಡೆದಿಡುವ ಕೆಂಪು ಗುಂಡಿ ಒತ್ತದೆ ರೊಟ್ಟಿ ತಿನ್ನಲು ಹೋಗಿದ್ದ. ಕರೆಂಟ್ ಬಂತು, ಪಟ್ಟಿ ತಾನಾಗಿ ತಿರುಗಿತು. ಅಂಗಳದಲ್ಲಿ ಎಲ್ಲರೆದುರು ನೀನು, "ಒಂದು ಗುಂಡಿ ಒತ್ತಾಕ ಆಗಲಿಲ್ಲೇನಪ್ಪಾ ನಿನಗ? ಎದಕ್ಕ ಅದೀ ನೀ?" ಎಂದೆ. ಅದೇ ವಾರ ಊರು ಬಿಟ್ಟೆ. ನಿನಗೆ ಯಾರೂ ಹೇಳಿರಲಾರರು: ಕೊನೆಗಾಲದಲ್ಲಿ ಕರೆಂಟ್ ಹೋದಾಗಲೆಲ್ಲ ಅಪ್ಪ ಗೋಡೆಗೆ ಹೆಬ್ಬೆರಳು ಒತ್ತಿ ನಿಲ್ಲುತ್ತಿದ್ದ. ಕರೆಂಟ್ ಬರುವವರೆಗೂ ತೆಗೆಯುತ್ತಿರಲಿಲ್ಲ. ಎಷ್ಟೋ ಸಲ ನಾನೇ ಹಿಡಿದು ಬಿಡಿಸಿದ್ದೇನೆ. ಬೆರಳ ತುದಿ ಬೆಳ್ಳಗಾಗಿರುತ್ತಿತ್ತು.

ಅಂಥ ಹಳೆಯ ಚಿಪ್ಪನ್ನು ಈಗ ಮಾರುವ ಅಗ್ಗದ ಪ್ರೋಗ್ರಾಮರ್‌ಗಳು, ಅಂದರೆ ಚಿಪ್ಪು ಓದಿ ಬರೆಯುವ ಯಂತ್ರಗಳು, ಗುರುತಿಸುವುದೇ ಇಲ್ಲ. ಹಾಗಾಗಿ ನಾನೇ ಒಂದನ್ನು ಕಟ್ಟಿದೆ. ಕಾಲೇಜಿನ ಲ್ಯಾಬಿನಿಂದ ತಂದ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಒಂದು ಸಾಕೆಟ್ಟು, ಐದು ವೋಲ್ಟನ್ನು ಹನ್ನೆರಡಕ್ಕೆ ಏರಿಸುವ ಪುಟ್ಟ ಸರ್ಕ್ಯೂಟು. ಒಂದು ಕಾಲಿಗೆ ಆ ಹೆಚ್ಚಿನ ವೋಲ್ಟೇಜು ತಾಗಿದರೆ ಮಾತ್ರ ಚಿಪ್ಪು ಕೆಲಸ ನಿಲ್ಲಿಸಿ ತನ್ನೊಳಗಿನದನ್ನು ಹೇಳುತ್ತದೆ. ಮೊದಲ ಸಲ ಬರೀ ಸೊನ್ನೆಗಳು ಬಂದವು. ಯಾರೂ ಓದದಂತೆ ನೀನು ಬೀಗ ಹಾಕಿಟ್ಟಿರಬೇಕು ಎಂದುಕೊಂಡೆ, ಮತ್ತು ಅಣ್ಣಾ, ನನಗೆ ಸಮಾಧಾನವಾಯಿತು. ಆ ಸಮಾಧಾನವೇ ನನಗೆ ಅನುಮಾನ ಹುಟ್ಟಿಸಿತು. ಮತ್ತೆ ನೋಡಿದರೆ ಒಂದು ವೈರು ಸರಿಯಾಗಿ ಬೆಸುಗೆಯಾಗಿರಲಿಲ್ಲ. ಅದನ್ನು ಸರಿಮಾಡಿದೆ. ನೀನು ಬರೆದದ್ದೆಲ್ಲ ಸಾಲಾಗಿ ಬಂತು.

ತಪ್ಪು ಚಿಪ್ಪಿನಲ್ಲಿತ್ತು. ಕರೆಂಟ್ ಬಂದಾಗ ಅದರ ಒಳಗಿನ ನೆನಪು ಸೊನ್ನೆಯಿಂದಲೇ ಶುರುವಾಗುತ್ತದೆ, ನಿಜ. ಆದರೆ ಹೊರಗಿನ ಕಾಲಿನಲ್ಲಿ ಅದು ತಲೆಕೆಳಗಾಗಿ, ಸೊನ್ನೆ ಹೋಗಿ ಒಂದಾಗಿ, 'ಚಾಲೂ' ಆಗುತ್ತದೆ. ನೀನು ಒಳಗಿನ ಸೊನ್ನೆಯನ್ನು ನಂಬಿದ್ದೆ. ಹಸಿರು ಗುಂಡಿ ಮುಟ್ಟದೆಯೇ ಮೋಟರ್ ಓಡುತ್ತದೆ. ಪರೀಕ್ಷೆ ಮಾಡಿದಾಗ ಇದೇಕೆ ಕಾಣಲಿಲ್ಲವೆಂದು ಬಹಳ ಯೋಚಿಸಿದೆ. "ಕರೆಂಟ್ ಹೋತಂದ್ರ ಮೊದಲು ಕೆಂಪು ಗುಂಡಿ ಒತ್ತು, ಬಂದ ಮ್ಯಾಲೆ ಬಿಡು" ಎಂದು ಅಪ್ಪ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದ. ಪರೀಕ್ಷೆ ಮಾಡುವಾಗಲೂ ನೀನು ಆ ಗುಂಡಿ ಒತ್ತಿಯೇ ಇದ್ದಿರಬೇಕು. ಒತ್ತಿದ್ದರೆ ತಪ್ಪು ಕಾಣುವುದೇ ಇಲ್ಲ. ಅಪ್ಪನ ಪಾಠವೇ ನಿನ್ನ ತಪ್ಪನ್ನು ನಿನ್ನಿಂದ ಮುಚ್ಚಿಟ್ಟಿತು.

ಲಾಲ್‌ಬೀಗೆ ಹೇಳಿದೆ. ಹೇಳಬೇಕಿತ್ತೋ ಇಲ್ಲವೋ ಈಗಲೂ ತಿಳಿಯದು. "ಸಾಲಿ ಕಲಿಸೂದು ಬಿಟ್ಟು ರಿಪೇರಿ ಅಂಗಡಿ ಇಟ್ಟಿಯೇನ್ ಬೇ?" ಎಂದು ನಕ್ಕಳು. ಆಮೇಲೆ ಆ ಕೈಯಲ್ಲಿ ಉಳಿದ ಎರಡು ಬೆರಳಲ್ಲಿ ಸೆರಗು ಸರಿಮಾಡಿಕೊಂಡು, "ನಿಮ್ಮಪ್ಪಗ ನಾ ಒಂದಿನಾನೂ ಬೈದಿಲ್ಲವ್ವಾ. ಬೈದಾವ ನಿಮ್ಮಣ್ಣ" ಎಂದಳು.

ನಿನ್ನನ್ನು ಶಿಕ್ಷಿಸಲು ಇದನ್ನು ಬರೆಯುತ್ತಿದ್ದೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಸ್ವಲ್ಪ ಹೌದು. ಆದರೆ ಅಷ್ಟಕ್ಕೇ ಆಗಿದ್ದರೆ ಹರಿದು ಹಾಕುತ್ತಿದ್ದೆ. ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಅವಳಿಗೆ ಇದಾವುದೂ ಗೊತ್ತಿಲ್ಲ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ನಿನ್ನ ತಂಗಿ,
ಅಮರೇಶ್ವರಿ

ಮರೆತಿದ್ದೆ ಎನ್ನಲಾರೆ, ಕೊನೆಗೆ ಉಳಿಸಿಕೊಂಡೆ: ಇಂಥವೇ ಮೂರು ಬೋರ್ಡು ಮಾಡಿದ್ದೇನೆಂದು ನೀನು ಅವ್ವನಿಗೆ ಹೇಳಿದ್ದೆಯಂತೆ. ಮಸ್ಕಿಯ ಮಿಲ್ಲಿನದು ಸಿಕ್ಕಿತು, ಇನ್ನೂ ಓಡುತ್ತಿತ್ತು. ಅಲ್ಲಿಯ ಆಪರೇಟರ್ ಜಾಹೀದ್, "ಕೆಂಪು ಗುಂಡಿ ಒತ್ತಿದ್ರ ಏನೂ ಆಗಂಗಿಲ್ಲ ಬಿಡ್ರೀ ಅಕ್ಕಾರ, ನಮಗ ರೂಢಿ ಐತಿ" ಎಂದ. ನನ್ನ ಪ್ರೋಗ್ರಾಮರಿನಲ್ಲೇ ತಿದ್ದಿ ಬರೆದ ಹೊಸ ಚಿಪ್ಪು ಹಾಕಿ ಬಂದೆ. ಈಗ ಕರೆಂಟ್ ಬಂದರೂ ಮೋಟರ್ ನಿಂತೇ ಇರುತ್ತದೆ. ಮೂರನೆಯದು ಲಿಂಗಸುಗೂರು ಕಡೆ ಎಂದಷ್ಟೇ ಅವ್ವನಿಗೆ ನೆನಪು. ಗುರುಗುಂಟಾದವರೆಗೂ ಹೋಗಿ ಕೇಳಿದೆ. ಮಿಲ್ಲುಗಳು ಕೈ ಬದಲಾಗಿವೆ, ಯಾರಿಗೂ ನಿನ್ನ ನೆನಪಿಲ್ಲ. ಎಲ್ಲಿ ಕೂರಿಸಿದೆ, ಹೇಳು. ಹೊಸ ಭತ್ತ ಬರತೊಡಗಿದೆ, ಅಲ್ಲಿಯೂ ಯಾರೋ ಒಬ್ಬಳು ಕೈ ಹಾಕಿ ಬಿಡಿಸುತ್ತಿರುತ್ತಾಳೆ. ನನ್ನ ಮೇಲೆ ಸಿಟ್ಟಿದ್ದರೆ ಮಿಲ್ಲಿನ ಹೆಸರೊಂದನ್ನೇ ಬರೆದು ಕಳಿಸು, ಬೇರೇನೂ ಬೇಡ. ಮನಸ್ಸು ಬದಲಾಗುವ ಮೊದಲು, ನಾಳೆ ಅಂಚೆ ಕಚೇರಿ ಬಾಗಿಲು ತೆರೆದೊಡನೆ ಇದನ್ನು ಹಾಕುತ್ತೇನೆ: ಸೋಮವಾರ, ೧೧ ನವೆಂಬರ್.