ಅಕ್ಕನ ಊದು, ನನ್ನ ಮೀನುಮರಿ

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆಯೇ ಸಮುದ್ರದ ನೀರಿನ ಕ್ಯಾನ್‌ಗಳನ್ನು ಹೊತ್ತು ತಂದೆ. ಲಿಫ್ಟ್ ಮತ್ತೆ ಕೆಟ್ಟಿದೆ. ಸೊಂಟ ಬಿದ್ದುಹೋಯಿತು. ಹಸಿರು ನೀರಿನ ಬಾಟಲಿಗಳನ್ನು ಅಲುಗಾಡಿಸಿ, ರೋಟಿಫರ್‌ಗಳಿಗೆ ಹಾಕಿದೆ — ಬರಿಗಣ್ಣಿಗೆ ಕಂಡೂ ಕಾಣದ ಹುಳುಗಳು. ಮೀನುಮರಿಗೆ ಈ ಹುಳುವೇ ಊಟ, ಹುಳುವಿಗೆ ಪಾಚಿ ಊಟ. ಒಂದನ್ನು ಸಾಕಲು ಮೂರನ್ನು ಸಾಕಬೇಕು. ಜೆದ್ದಾ ಬಂದರಿನಲ್ಲಿ ಜೀವಮಾನವೆಲ್ಲ ಹಡಗು ಒಳಗೆ ತಂದವನಿಗೆ ಇದು ವಿಶ್ರಾಂತಿಯಂತೆ!

ಮಣ್ಣಿನ ಕುಂಡದ ಒಳಮೈಯಲ್ಲಿ ಅಂಟಿದ ಮೊಟ್ಟೆಗಳಿಗೆ ಬೆಳ್ಳಿ ಕಣ್ಣು ಬಂದಿದೆ. ಇಂದೋ ನಾಳೆಯೋ ಒಡೆಯಬೇಕು. ಗಂಡು ಮೀನು ಪಕ್ಕ ಬಿಡದೆ ರೆಕ್ಕೆ ಬೀಸುತ್ತಿದೆ. ಹೆಣ್ಣು ದೊಡ್ಡದು, ಸುತ್ತಾಡಿಕೊಂಡು ದರ್ಬಾರು ಮಾಡುತ್ತದೆ. ನಮ್ಮ ಮನೆಯ ಹಾಗೇ, ಎಂದೆ ಅಕ್ಕನಿಗೆ. ಕೇಳಿಸಿದರೂ ಕೇಳಿಸದಂತೆ ಹೋದಳು.

ಮೀನಿನ ತೊಟ್ಟಿಗಳಿರುವ ಈ ಕೋಣೆ ಮೊದಲು ಅವಳ ಮಜ್ಲಿಸ್. ಭಾವ ತೀರಿಕೊಂಡು ನನ್ನ ಮನೆಗೆ ಬಂದಾಗ ಅವಳು ಕೇಳಿದ್ದು ಇದೊಂದೇ, ಬಂದವರನ್ನು ಕೂರಿಸಲು ಒಂದು ಒಳ್ಳೆಯ ಕೋಣೆ. ಈಗ ಸೋಫಾಗಳೆಲ್ಲ ಕಾರಿಡಾರಿನಲ್ಲಿ. ಮಂಗಳವಾರದ ಗೆಳತಿಯರು ಬಸ್ಸಿನಲ್ಲಿ ಕೂತಂತೆ ಸಾಲಾಗಿ ಕೂತು ಕಾವಾ ಕಾಫಿ ಕುಡಿಯುತ್ತಾರೆ. ಅಕ್ಕ ಒಂದು ದಿನವೂ ಗೊಣಗಿಲ್ಲ.

ಮೊದಲ ಸಲದ ಮರಿಗಳು ಬೆಳಕಿಗೆ ಗಾಬರಿಬಿದ್ದು ಗಾಜಿಗೆ ಬಡಿದು ಸತ್ತವು. ಎರಡನೆಯವು ಹಸಿದು. ಈ ಸಲ ತೊಟ್ಟಿಗೆ ಕಪ್ಪು ಬಳಿದಿದ್ದೇನೆ. ಒಂದೇ ಒಂದು ಮರಿ ಬಿಳಿ ಪಟ್ಟೆ ಕಟ್ಟಿಕೊಂಡು ದೊಡ್ಡದಾಗುವುದನ್ನು ನೋಡಬೇಕು. ಇನ್ನೇನೂ ಬೇಡ.

ಅಕ್ಟೋಬರ್ 15, ಮಂಗಳವಾರ

ಒಡೆದವು! ಕುಂಡವನ್ನು ಕಪ್ಪು ತೊಟ್ಟಿಗಿಟ್ಟು, ದೀಪ ಆರಿಸಿ, ಇಶಾ ನಮಾಜು ಮುಗಿಸಿ ಬರುವಷ್ಟರಲ್ಲಿ ತೊಟ್ಟಿಯ ತುಂಬ ಸೂಜಿಮೊನೆಗಳು. ಅಕ್ಕ ಬಗ್ಗಿ ನೋಡಿದಳು. ಧೂಳು ಅಂದಳು. ಕಣ್ಣಿವೆ ನೋಡು ಎಂದೆ. ಆಮೇಲೆ ಬಹಳ ಹೊತ್ತು ಏಳಲೇ ಇಲ್ಲ.

ಅಕ್ಟೋಬರ್ 21, ಸೋಮವಾರ

ಇನ್ನೂ ಇವೆ. ಬರೆಯಲು ಹೆದರಿಕೆ.

ಅಕ್ಟೋಬರ್ 27, ಭಾನುವಾರ

ಪಟ್ಟೆ. ತಲೆಯ ಹಿಂದೆ, ತೆಳ್ಳಗೆ, ಬಿಳಿ. ಹನ್ನೊಂದು ಮರಿಗಳಿಗಾದರೂ ಬಂದಿದೆ. ಅಕ್ಕನನ್ನು ಕೂಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದಳು. ಯಾರಿಗೂ ಹೇಳಬೇಡ ಅಂತ ನನಗೆ ತಾಕೀತು ಮಾಡಿದಳು. ಹೇಳಿಕೊಂಡು ಬರುವವಳು ಅವಳೇ ಎಂದು ಗೊತ್ತಿತ್ತು.

ಅಕ್ಟೋಬರ್ 29, ಮಂಗಳವಾರ

ಕೆಳಮನೆಯ ಉಮ್ಮ್ ಹಿಶಾಮ್ ಮರಿಗಳನ್ನು ನೋಡಲೇಬೇಕೆಂದು ಹಟ ಹಿಡಿದರು. ಅಕ್ಕನ ಮೂವತ್ತು ವರ್ಷದ ಗೆಳತಿ, ಬೇಡ ಅನ್ನುವುದು ಹೇಗೆ. ತೊಟ್ಟಿಗೆ ಬಗ್ಗಿ, ಅಯ್ಯೋ ಎಷ್ಟು ಚೆಂದ, ಎಷ್ಟೊಂದು ಅಂದರು. ದೃಷ್ಟಿ ತಾಗದಿರಲೆಂದು ಹೇಳುವ ಮಾಶಾ ಅಲ್ಲಾ ಮಾತ್ರ ಅನ್ನಲಿಲ್ಲ. ಅಕ್ಕನ ಮುಖ ಬಿಳುಚಿತು. ಅವರು ಹೋದ ಮೇಲೂ ಕೈ ಹಿಸುಕಿಕೊಳ್ಳುತ್ತ ಕೂತಿದ್ದಳು. ನಗು ಬಂತು ನನಗೆ. ಸುಮ್ಮನಿರು ಎಂದು ಹೇಳಿ ಮಲಗಿದೆ.

ಅಕ್ಟೋಬರ್ 30, ಬುಧವಾರ

ಮರಿಗಳೆಲ್ಲ ಸತ್ತಿವೆ.

ಅಕ್ಟೋಬರ್ 31, ಗುರುವಾರ

ನಿನ್ನೆ ಇಡೀ ದಿನ ನೀರು ಪರೀಕ್ಷೆ ಮಾಡಿದೆ. ಉಪ್ಪು ಸರಿ, ಬಿಸಿ ಸರಿ. ನೀರಿನ ಮೇಲೆ ಮಾತ್ರ ಎಣ್ಣೆಯ ಪೊರೆ. ಇಂದು ಬೆಳಿಗ್ಗೆ ಮೂಗು ಇಟ್ಟು ನೋಡಿದೆ. ಗುಳ್ಳೆ ಒಡೆದಾಗಲೆಲ್ಲ ಊದಿನ, ಅಕ್ಕ ಧೂಪಕ್ಕೆ ಹಾಕುವ ಆ ಸುಗಂಧದ ಕಟ್ಟಿಗೆಯ ವಾಸನೆ. ಮದುವೆಮನೆಯ ಹಾಗೆ.

ತೊಟ್ಟಿಯ ಗಾಳಿ ಪಂಪಿನ ಪಕ್ಕದಲ್ಲಿ ಬೂದಿ ಉದುರಿತ್ತು. ನಾನು ಮಲಗಿದ ಮೇಲೆ ಅಕ್ಕ ಧೂಪದಾನಿ ತಂದಿದ್ದಾಳೆ. ದೃಷ್ಟಿ ಹೋಗಲಿ ಎಂದು. ಹೊಗೆ ನಿಲ್ಲಲಿ ಎಂದು ಬಾಗಿಲು ಹಾಕಿ, ಕೆಳಗೆ ಬಟ್ಟೆ ಬೇರೆ ತುರುಕಿದ್ದಾಳೆ. ಅವಳ ಬಳಿ ಇರುವ ಅತ್ಯುತ್ತಮ ಊದು, ಹಬ್ಬಕ್ಕೂ ಚೂರೇ ಚೂರು ಹಾಕುವಂಥದ್ದು. ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ರಾತ್ರಿಯೆಲ್ಲ ಬಿಟ್ಟಿದೆ. ದೊಡ್ಡ ತೊಟ್ಟಿಯ ಗಂಡು ಹೆಣ್ಣು ಹೇಗೋ ತಡೆದುಕೊಂಡಿವೆ, ಮರಿಗಳು ತಡೆಯಲಿಲ್ಲ.

ಅಡುಗೆಮನೆಯಲ್ಲಿ ಅಳುತ್ತಿದ್ದಳು. ಆ ಹೆಂಗಸಿನ ಕಣ್ಣು ಕಣೋ, ಅಂದಳು. ನಿಜ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಮೀನಂತೂ ಹೋದವು, ಅವಳನ್ನೂ ಏಕೆ ಕೊಲ್ಲಲಿ?

ನವೆಂಬರ್ 5, ಮಂಗಳವಾರ

ಗೆಳತಿಯರು ಬಂದರು. ಉಮ್ಮ್ ಹಿಶಾಮ್ ಬೆಲ್ ಒತ್ತಿದಾಗ ಅಕ್ಕ ಬಾಗಿಲು ತೆರೆಯಲಿಲ್ಲ. ಒಳಗೆ ನಗು ಕೇಳಿಸುತ್ತಿತ್ತು, ಆಕೆಗೂ ಕೇಳಿಸಿರಬೇಕು. ನಾನು ಕೋಣೆಯಲ್ಲಿ ಹುಳುಗಳಿಗೆ ಪಾಚಿ ಹಾಕುತ್ತ ನಿಂತಿದ್ದೆ. ಹೋಗಿ ತೆರೆಯಬಹುದಿತ್ತು. ತೆರೆಯಲಿಲ್ಲ.

ನವೆಂಬರ್ 8, ಶುಕ್ರವಾರ

ಹೊಸ ಮೊಟ್ಟೆ. ಕೇಸರಿ ಬಣ್ಣ, ಒತ್ತೊತ್ತಾಗಿ. ಖುಷಿಪಡುವಷ್ಟರಲ್ಲಿ ಅಕ್ಕ ಹೇಳಿದಳು, ಈ ಸಲ ನಾನು ಮೈಮರೆಯೋಲ್ಲ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಧೂಪ ಹಾಕ್ತೀನಿ.

ಏನು ಮಾಡಲಿ? ನಿಜ ಬಿಟ್ಟು ನಾಟಕ ಹೂಡಿದೆ. ಎದೆ ಹಿಡಿದುಕೊಂಡೆ. ಉಸಿರು ಕಟ್ಟುತ್ತದೆ, ಡಾಕ್ಟರು ಹೊಗೆಯಿಂದ ದೂರ ಇರಿ ಅಂದಿದ್ದಾರೆ ಎಂದೆ. ಅಷ್ಟೇ. ಆ ಕ್ಷಣವೇ ಕೆಂಡಕ್ಕೆ ನೀರು ಸುರಿದಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನವೆಂಬರ್ 10, ಭಾನುವಾರ

ಜಾಣತನ! ಅಕ್ಕನ ಮದ್ದು ಶುರು: ಜೇನು, ಕರಿಜೀರಿಗೆ, ಕುರಿ ಕಾಲಿನ ಸಾರು. ಮಕ್ಕಾದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ, ಝುಹೈರ್, ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಈಗಲೇ ಹೇಳಿಬಿಡು ಅಂದ. ಅಕ್ಕ ನೀರಿನ ಕ್ಯಾನ್ ಮುಟ್ಟಲು ಬಿಡುತ್ತಿಲ್ಲ. ಅವಳೇ ಹೊತ್ತಳು, ಅರವತ್ತೆಂಟರ ಹೆಂಗಸು, ಮೆಟ್ಟಿಲಿಗೊಮ್ಮೆ ನಿಂತು.  ನಾಳೆ ಎಕ್ಸ್‌ರೇಗೆ ಹೋಗಲೇಬೇಕಂತೆ.

ನವೆಂಬರ್ 11, ಸೋಮವಾರ

ಶ್ವಾಸಕೋಶ ಹುಡುಗನದ್ದರ ಹಾಗಿದೆ ಅಂದರು ಡಾಕ್ಟರು. ಅಕ್ಕ ಆಸ್ಪತ್ರೆಯಲ್ಲೇ ನೆಲಕ್ಕೆ ಹಣೆಯಿಟ್ಟು ಸಜ್ದಾ ಮಾಡಿದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ಖರ್ಜೂರ. ಮನೆಗೆ ಬಂದವಳು ಮೊದಲು ಮಾಡಿದ ಕೆಲಸ, ಧೂಪದಾನಿಗೆ ಕೆಂಡ. ಶ್ವಾಸಕೋಶ ಚೆನ್ನಾಗಿದೆಯಲ್ಲ, ಇನ್ನೇನು ಅಡ್ಡಿ! ಹೊಗೆ ಬಿಡುತ್ತ ನೆಟ್ಟಗೆ ಮೀನಿನ ಕೋಣೆಗೆ ಹೊರಟಳು. ಬಾಗಿಲಿಗೆ ಅಡ್ಡ ನಿಂತೆ. ಎಲ್ಲ ಹೇಳಿದೆ. ಪಂಪು, ಪೊರೆ, ವಾಸನೆ, ಬೂದಿ.

“ಹಾಗಾದ್ರೆ ನಾನೇ ಕೊಂದಿದ್ದು.”

“ಹೊಗೆ ಕೊಂದಿದ್ದು, ಅಕ್ಕ.”

“ಹೊಗೆ ತಾನಾಗೇ ನಡ್ಕೊಂಡು ಬಂತಾ?”

ಧೂಪದಾನಿ ಕೆಳಗಿಟ್ಟಳು. ಗೋಡೆ ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಎದೆನೋವು?”

ಸುಳ್ಳು ಎಂದೆ.

“ಮೂರು ರಾತ್ರಿ ಕಣೋ. ನಿನ್ನ ಜನಾಝಾಕ್ಕೆ, ಮಣ್ಣಿಗೆ, ಯಾರಿಗೆ ಹೇಳಬೇಕು, ಯಾರಿಗೆ ಬಿಡಬೇಕು ಅಂತ ಕತ್ತಲಲ್ಲಿ ಕೂತ್ಕೊಂಡು ಲೆಕ್ಕ ಹಾಕ್ತಿದ್ದೆ. ಮೀನು ಹೇಗೆ ಸತ್ವು ಅಂತ ಹೇಳೋಕೆ ನಿನಗೆ ಹೆದರಿಕೆ. ನೀನೇ ಸಾಯ್ತೀಯ ಅಂತ ನಂಬಿಸೋಕೆ ಹೆದರಿಕೆ ಆಗ್ಲಿಲ್ವಾ?”

ಬಗ್ಗಿ ಧೂಪದಾನಿಯ ಕೆಂಡ ಆರಿಸಿದೆ. 

ಹೋಗುತ್ತ ತಿರುಗಿ ಇನ್ನೊಂದು ಮಾತು ಅಂದಳು. “ಆ ಹೆಂಗಸಿನ ಮುಖದ ಮೇಲೆ ಬಾಗಿಲು ಹಾಕ್ಸಿದೆಯಲ್ಲೋ ನನ್ ಕೈಲಿ.”

ನವೆಂಬರ್ 12, ಮಂಗಳವಾರ

ಅಕ್ಕ ಕೆಳಗೆ ಉಮ್ಮ್ ಹಿಶಾಮ್ ಮನೆಗೆ ಹೋಗಿದ್ದಳು. ಕಪ್ಪು ಅಬಾಯಾ, ಕೈಯಲ್ಲಿ ಏನೂ ಇಲ್ಲ. ಹೋದವಳು ಸಂಜೆಯವರೆಗೂ ಬರಲಿಲ್ಲ. ಏನಾಯಿತು ಎಂದು ಕೇಳಿದೆ. ಹೇಳಬೇಕಾದ್ದು ಹೇಳಿ ಬಂದೆ ಎಂದಳು, ಅಷ್ಟೇ. ಕಣ್ಣು ಊದಿತ್ತು.

ನವೆಂಬರ್ 15, ಶುಕ್ರವಾರ

ಮನೆಯಲ್ಲಿ ಧೂಪವಿಲ್ಲ. ಬಟ್ಟೆಗಿಲ್ಲ, ಜುಮ್ಮಾಕ್ಕೂ ಇಲ್ಲ. ಇಡೀ ಮನೆ ಪಾಚಿ ವಾಸನೆ. ನಾನೇ ಹೇಳಿದೆ, ನಿನ್ನ ಕೋಣೆಯಲ್ಲಿ ಹಾಕಿಕೋ, ಬಾಗಿಲು ಮುಚ್ಚಿದರೆ ಆಯಿತು ಎಂದು. ತಟ್ಟೆ ಮುಂದಿಟ್ಟು ಹೋದಳು. ಹಾಲಿನಲ್ಲಿ ಬೇಯಿಸಿದ ಅನ್ನ, ಸಲೀಗ್ ಮಾಡಿದ್ದಳು, ನನಗೆ ಇಷ್ಟವೆಂದು. ಸಿಟ್ಟಿನಲ್ಲೂ ಬೆಣ್ಣೆ ಕಡಿಮೆ ಹಾಕುವವಳಲ್ಲ. 

ಮೀನಿನ ಕೋಣೆಯ ಹೊಸ್ತಿಲು ತುಳಿಯುತ್ತಿಲ್ಲ. ಕಾರಿಡಾರಿನಲ್ಲಿ ಹಾದುಹೋಗುವಾಗ ಮುಖ ಆ ಕಡೆ. ಅವಳೇ ಬಿಟ್ಟುಕೊಟ್ಟ ಕೋಣೆ. ಹೊಗೆ ಹಾಕಿದ್ದು ಪ್ರೀತಿಯಿಂದ. ನನ್ನ ಸುಳ್ಳೂ ಪ್ರೀತಿಯಿಂದಲೇ ಎಂದುಕೊಂಡಿದ್ದೆ. ಯೋಚಿಸಿದರೆ ಅರ್ಧ ಪುಕ್ಕಲುತನ. ಅವಳ ಅಳು ನೋಡಲಾರದ ನನ್ನ ಪುಕ್ಕಲುತನ.

ನವೆಂಬರ್ 16, ಶನಿವಾರ

ಬೆಳ್ಳಿ ಕಣ್ಣು. ನಾಳೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ, ನಾಳೆ ಒಡೆಯುತ್ತವೆ, ನೀನು ಬರಬೇಕು. “ನನ್ನ ಕೈ ಒಳ್ಳೇದಲ್ಲ” ಅಂದಳು. ಮೊದಲೆರಡು ಸಲ ಕೊಂದದ್ದು ನನ್ನ ಕೈ, ಅದನ್ನು ನಾನು ಕತ್ತರಿಸಿ ಎಸೆದೆನೇ ಎಂದೆ. ಈರುಳ್ಳಿ ಹೆಚ್ಚುತ್ತಲೇ ಇದ್ದಳು.

ನವೆಂಬರ್ 17, ಭಾನುವಾರ, ಸಂಜೆ

ಮಗ್ರಿಬ್ ಆದ ಕೂಡಲೇ ದೀಪ ಆರಿಸಿದೆ. ಕೆಂಪು ಟಾರ್ಚಿನಲ್ಲಿ ಗೀಚುತ್ತಿದ್ದೇನೆ, ಅಕ್ಷರ ಎಲ್ಲಿ ಹೋಗುತ್ತಿದೆಯೋ. ಬರಲಾರಳು ಎಂದುಕೊಂಡಿದ್ದೆ…

ಬಂದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಬೋರಲು ಹಾಕಿದ ಬಕೆಟ್ ತಡವಿಕೊಂಡು ನನ್ನ ಪಕ್ಕ ಕೂತಳು. ಮೈಯಿಂದ ಬರೀ ಸೋಪಿನ ವಾಸನೆ. ಅಕ್ಕ ಅನ್ನಿಸಲೇ ಇಲ್ಲ ಒಂದು ಕ್ಷಣ.

“ಈ ಕತ್ತಲಲ್ಲಿ ನನಗೇನೂ ಕಾಣೋಲ್ಲ. ನೀನೇ ಹೇಳ್ತಾ ಹೋಗು. ಎಲ್ಲಾ ಹೇಳ್ಬೇಕು. ಸತ್ರೂ ಹೇಳ್ಬೇಕು.”

ಹೇಳುತ್ತೇನೆ ಎಂದೆ.

ಮೊದಲನೆಯದು ಬಾಲ ಹೊರಗೆ ಹಾಕಿತು. ಹೇಳಿದೆ. ಇನ್ನೊಂದು. ಹೇಳಿದೆ. ಅಕ್ಕ ನನ್ನ ತೋಳು ಹಿಡಿದಿದ್ದಾಳೆ, ಬರೆಯಲು ಆಗುತ್ತಿಲ್ಲ. ಒಂದು ಹಿಂಡು, ಒಟ್ಟಿಗೇ, ಮೇಲಕ್ಕೆ — ಹೇಳಿದೆ.

ತಳದಲ್ಲಿ ಕೆಲವು ಬಿದ್ದಿವೆ. ಅಲುಗುತ್ತಿಲ್ಲ. ಆಮೇಲೇನು ಅಂತ ಕೇಳುತ್ತಿದ್ದಾಳೆ. ಮತ್ತೆ ಕೇಳಿದಳು.

ಅಕ್ಕ, ಎಂದೆ, ತಳದಲ್ಲಿ —