ಕಡ್ಡಿ ನೋಡಬೇಡಿ, ಕಾಲ್ ಮಾಡಿ ನೋಡಿ

ಮಾರ್ಚ್ 3, ಸೋಮವಾರ

ಇವತ್ತೂ ಅದೇ ಗೋಳು. ಷಟರ್ ಎತ್ತುವ ಮೊದಲೇ ಹೊರಗೆ ಕ್ಯೂ. ಎಲ್ಲರ ಕೈಯಲ್ಲೂ ಫೋನ್, ಎಲ್ಲರ ಮುಖದಲ್ಲೂ ನಾನೇ ಏನೋ ಕದ್ದೆ ಎಂಬ ಸಿಟ್ಟು. ಮೊಬೈಲ್ ಕಂಪನಿಯವರು ಮೆಸೇಜ್ ಕಳಿಸಿ ಕೈತೊಳೆದುಕೊಂಡರು — 'ಹೊಸ ಬ್ಯಾಂಡ್ ಬರುತ್ತಿದೆ, ನಿಮ್ಮ ಫೋನ್ ಹೊಂದುತ್ತದೆಯೇ ಪರಿಶೀಲಿಸಿಕೊಳ್ಳಿ'. ಪರಿಶೀಲಿಸುವವಳು ನಾನು. ಕೌಂಟರ್ ಮೂರು.

ದಿನವಿಡೀ ಹೇಳಿದ್ದನ್ನೇ ಹೇಳುವುದು. ಸಿಗ್ನಲ್ ಓಡುವ ಹಳೆ ಬ್ಯಾಂಡ್ ಮುಚ್ಚಿ ಆ ಜಾಗವನ್ನು ಹೊಸದಕ್ಕೆ ಕೊಡುತ್ತಿದ್ದಾರೆ. ಕೆಲವು ಫೋನುಗಳಿಗೆ ಕಾಲ್ ಬರುವುದು ಆ ಹಳೆಯದರಲ್ಲೇ. ಅದು ಹೋದ ಮೇಲೆ ಇಂಟರ್ನೆಟ್ ಇರುತ್ತದೆ, ಸಿಗ್ನಲ್ ಕಡ್ಡಿಯೂ ಪೂರ್ತಿ ಇರುತ್ತದೆ, ಕಾಲ್ ಮಾತ್ರ ಬರುವುದಿಲ್ಲ. ಯಾರು ನಂಬುತ್ತಾರೆ? 'ಕಡ್ಡಿ ಫುಲ್ ಇದೆಯಲ್ರೀ!' ಅದಕ್ಕೇ ನನ್ನದೊಂದು ಪಲ್ಲವಿ — 'ಕಡ್ಡಿ ನೋಡ್ಬೇಡಿ, ಕಾಲ್ ಮಾಡಿ ನೋಡಿ.' ಹೊಸ ಬ್ಯಾಂಡಿನಲ್ಲಿ ಮಾತ್ರ ಓಡುವ ಟೆಸ್ಟ್ ಸಿಮ್ ಒಂದು ಕೊಟ್ಟಿದ್ದಾರೆ. ಅವರ ಫೋನಿಗೆ ಅದನ್ನು ಹಾಕಿ, ಕೌಂಟರ್ ಫೋನಿನಿಂದ ಕಾಲ್ ಮಾಡುತ್ತೇನೆ. ರಿಂಗ್ ಆದರೆ ಪಾಸ್.

ಮಧ್ಯಾಹ್ನ ಗಂಡ ಹೆಂಡತಿ ಬಂದರು. ಇಬ್ಬರದೂ ಒಂದೇ ಮಾಡೆಲ್, ಒಂದೇ ಬಣ್ಣ. ಆಕೆಯದು ರಿಂಗ್ ಆಯಿತು, ಆತನದು ಇಲ್ಲ. ಆತನದು ಬೇರೆ ದೇಶಕ್ಕೆಂದು ಮಾಡಿದ ಪೀಸ್, ಹೊರಗೆ ಒಂದೇ ಥರ, ಒಳಗೆ ಬೇರೆ. 'ನೋಡಿದ್ರಾ, ನಿಮಗೆ ಹೇಳಿದ್ದು ಯಾವ್ದೂ ಕೇಳ್ಸಲ್ಲ ಅಂತ ಈಗ ಕಂಪನಿಯವ್ರೇ ಹೇಳ್ತಿದಾರೆ' ಎಂದಳು ಆಕೆ. ಇಡೀ ಕ್ಯೂ ನಕ್ಕಿತು. ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7

ಡಯಾಲಿಸಿಸ್ ಸೆಂಟರ್. ಅಕ್ಕ ಒಳಗೆ ಮಷೀನಿನ ಜೊತೆ, ನಾನು ಹೊರಗೆ ಬೆಂಚಿನ ಮೇಲೆ. ಮಂಗಳವಾರ, ಗುರುವಾರ, ಶನಿವಾರ. ಇಲ್ಲಿಂದ ನೇರ ಅಂಗಡಿಗೆ ಓಡಬೇಕು.

ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಸೀಟಿ ಬೇಕಿರಲಿಲ್ಲ, ಬಾಯಿ ತೆರೆದರೆ ಮೈದಾನದ ಆ ತುದಿಗೆ ಕೇಳುತ್ತಿತ್ತು. ಈಗ ಪಕ್ಕದ ರೂಮಿಗೆ ಕೇಳಿದರೆ ಹೆಚ್ಚು. ಇದನ್ನು ಅವಳ ಮುಂದೆ ಹೇಳುವ ಹಾಗಿಲ್ಲ.

ನನ್ನ ಕಿಡ್ನಿ ಹೊಂದಲಿಲ್ಲ. ಹಾಗಾಗಿ ಆಸ್ಪತ್ರೆಯ ಸರದಿಯಲ್ಲಿದ್ದಾಳೆ. ಹೋದ ವರ್ಷ ಒಂದು ಸಲ ಕಾಲ್ ಬಂದಿತ್ತು. ಕಿಡ್ನಿ ಒಂದು ಸಿಕ್ಕರೆ ಇಬ್ಬರನ್ನು ಕರೆಸುತ್ತಾರೆ, ರಕ್ತ ಹೊಂದಿದವರಿಗೆ ಕೊಡುತ್ತಾರೆ. ಅವತ್ತು ಇನ್ನೊಬ್ಬರಿಗೆ ಹೊಂದಿತು. ನಾವು ಬಂದ ಟ್ಯಾಕ್ಸಿಯಲ್ಲೇ ವಾಪಸ್.

ಅಂದಿನಿಂದ ಆ ಫೋನ್ ಅವಳ ಮೈಗೆ ಅಂಟಿಕೊಂಡಿದೆ. ಸ್ನಾನಕ್ಕೆ ಹೋದರೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಳಗೇ ತೂಗುಹಾಕುತ್ತಾಳೆ. ಕಾಲ್ ಬಂದ ಎರಡು ಗಂಟೆಯೊಳಗೆ ಅಲ್ಲಿರಬೇಕು, ಜೊತೆಗೆ ಸೈನ್ ಹಾಕಲು ಮನೆಯವರು. ಇಲ್ಲದಿದ್ದರೆ ಮುಂದಿನವರು. ಬ್ಯಾಗ್ ಬಾಗಿಲ ಪಕ್ಕ ರೆಡಿ ಇದೆ, ಒಂದು ವರ್ಷದಿಂದ.

ಅವಳ ಫೋನ್ ಟೆಸ್ಟ್ ಮಾಡಿಲ್ಲ ಎಂದು ಈಗ, ಇದನ್ನು ಬರೆಯುವಾಗ ಹೊಳೆಯಿತು. ಊರಿಗೆಲ್ಲ ಮಾಡಿದ್ದೇನೆ.

ಮಾರ್ಚ್ 5, ಬುಧವಾರ

ಟೆಸ್ಟ್ ಸಿಮ್ ಪರ್ಸಿನಲ್ಲಿ ಹಾಕಿಕೊಂಡು ಬಂದೆ. ಮ್ಯಾನೇಜರಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. (ಅವರ ಹೆಸರು ನಮ್ಮ ಬಾಯಲ್ಲಿ 'ಟಾರ್ಗೆಟ್'. ಬೆಳಿಗ್ಗೆ ಸಂಜೆ ಅದೊಂದೇ ಕೇಳುತ್ತಾರೆ.)

ಅಕ್ಕನ ಫೋನಿಗೆ ಹಾಕಿದೆ. ನನ್ನದರಿಂದ ಕಾಲ್ ಮಾಡಿದೆ. ಇಲ್ಲ. ಇನ್ನೊಮ್ಮೆ. ಇಲ್ಲ.

'ಕಡ್ಡಿ ಎಲ್ಲಾ ಇದೆಯಲ್ಲೇ' ಎಂದಳು.

'ಅಯ್ಯೋ, ನೀನೂ ಶುರು ಮಾಡ್ಬೇಡಕ್ಕ.'

ಫೋನ್ ಬದಲಾಯಿಸಬೇಕು ಎಂದೆ. ಆಗುವುದಿಲ್ಲ ಎಂದಳು. 'ಆವತ್ತು ಇದಕ್ಕೇ ಕಣೇ ಬಂದಿದ್ದು. ಇದಕ್ಕೇ ಬರುತ್ತೆ.'

'ಫೋನಿಗೆ ಬರಲ್ಲಕ್ಕ, ನಂಬರಿಗೆ ಬರೋದು.'

'ನಿಂಗೆ ನಂಬರ್ ಗೊತ್ತು. ನಂಗೆ ಇದು ಗೊತ್ತು.' ಗೋಡೆ ಕಡೆ ತಿರುಗಿ ಮಲಗಿದಳು. ಐಸ್ ತುಂಡು ಕೊಡಲು ಹೋದೆ. ದಿನಕ್ಕೆ ಮೂರೇ ಲೋಟ ನೀರು, ಬಾಯಿ ಒಣಗಿದರೆ ಐಸ್ ಚೀಪುತ್ತಾಳೆ. ಅದನ್ನೂ ಬೇಡ ಎಂದಳು. ಹಟ ಮಾಡುವುದಕ್ಕೆ ಮಾತ್ರ ಶಕ್ತಿ ಇದೆ, ಪುಣ್ಯಾತ್ಗಿತ್ತಿಗೆ.

ಮಾರ್ಚ್ 10, ಸೋಮವಾರ

ಸ್ಟಾಕ್ ಇಲ್ಲ. ಇಡೀ ಊರು ಫೋನ್ ಕೊಳ್ಳುತ್ತಿದೆ, ನಮ್ಮ ಅಂಗಡಿಯ ಶೋಕೇಸಿನಲ್ಲಿ ಬರೀ ಡಬ್ಬ. ತಿಂಗಳ ಕೊನೆಗೆ ಬರುತ್ತದಂತೆ. ಮನೆ ಕಡೆ ಹಳೆ ಬ್ಯಾಂಡ್ ಮುಚ್ಚುವುದು ಬುಧವಾರ.

ಸಂಜೆ ಒಂದು ಉಪಾಯ ಮಾಡಿದೆ. ನನ್ನ ಫೋನ್ ಅವಳಿಗೆ, ಅವಳದು ನನಗೆ. ಸಿಮ್ ಅದಲುಬದಲು, ನಂಬರ್ ಮಾತ್ರ ಅವರವರದೇ. 'ನಿನ್ನ ಫೋನ್ ಎಲ್ಲೂ ಹೋಗಲ್ಲಕ್ಕ, ನನ್ನ ಪರ್ಸಲ್ಲೇ ಇರುತ್ತೆ. ಚೆನ್ನಾಗಿ ನೋಡ್ಕೋತೀನಿ.'

ತುಂಬ ಹೊತ್ತು ಯೋಚನೆ ಮಾಡಿದಳು. ಆಮೇಲೆ ಕೊಟ್ಟಳು. ಕೊಡುವ ಮುಂಚೆ ಸೆರಗಿನಿಂದ ಒರೆಸಿದಳು.

ಅಂಗಡಿ ಕಡೆ ಹಳೆಯದು ಇನ್ನೂ ಇರುತ್ತದೆ, ತಿಂಗಳ ಕೊನೆಯ ತನಕ. ಮನೆಯಲ್ಲಿದ್ದಾಗ ಇಬ್ಬರೂ ಒಟ್ಟಿಗೇ ಇರುತ್ತೇವೆ. ಅಷ್ಟರಲ್ಲಿ ಸ್ಟಾಕ್ ಬರುತ್ತದೆ. ಎಲ್ಲ ಲೆಕ್ಕ ಸರಿ ಇದೆ.

ಮಾರ್ಚ್ 12, ಬುಧವಾರ

ಮನೆ ಕಡೆ ಹಳೆ ಬ್ಯಾಂಡ್ ಮುಚ್ಚಿತು. ಅಂಗಡಿಯಿಂದ ಅಕ್ಕನಿಗೆ ಕಾಲ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. 'ಹಲೋ! ಆಸ್ಪತ್ರೆನಾ?'

'ನಾನಕ್ಕ. ಟೆಸ್ಟ್.'

'ಥೂ, ನಿನ್ನ ಟೆಸ್ಟಿಗೆ ಬೆಂಕಿ ಹಾಕ!' ಎಂದು ಇಟ್ಟಳು. ಪಾಸ್.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಮಷೀನಿನ ಮೇಲೆ ಅಕ್ಕನ ಬಿ.ಪಿ. ಇಳಿದುಹೋಯಿತು. ಕಾಲು ಸೆಳೆತ. ನರ್ಸ್ ಒಂದು ಕಾಲು, ನಾನೊಂದು ಕಾಲು ತಿಕ್ಕುತ್ತಾ ನಿಂತೆವು. 'ಸಾಕು ಕಣೇ ಇದೆಲ್ಲ' ಎಂದಳು. ಅಳುತ್ತಿರಲಿಲ್ಲ. ಅಳುತ್ತಾ ಹೇಳಿದ್ದರೆ ವಾಸಿ ಇತ್ತು.

ಅಂಗಡಿಗೆ ಲೇಟು. ಟಾರ್ಗೆಟ್ ಮುಖ ಗಂಟು ಹಾಕಿಕೊಂಡು ನೋಟಿಸು ಕೈಗೆ ಕೊಟ್ಟರು, ಬಾಗಿಲಿಗೆ ಅಂಟಿಸಬೇಕಂತೆ. ಅಂಗಡಿ ಏರಿಯಾ, ಆಸ್ಪತ್ರೆ ಏರಿಯಾ ಎರಡರಲ್ಲೂ ಹಳೆ ಬ್ಯಾಂಡ್ ಮುಚ್ಚುವುದು ತಿಂಗಳ ಕೊನೆಗಲ್ಲ, ಈ ಶನಿವಾರವೇ. ಅಂಟಿಸಿದೆ. ದರಿದ್ರ ಟೇಪು ಹಿಡಿಯುವುದೇ ಇಲ್ಲ. ಮತ್ತೆ ಮತ್ತೆ ಬಿತ್ತು. ಗಾರ್ಡ್ ಅಣ್ಣ ಬಂದು ಗಮ್ ಹಾಕಿ ಕೊಟ್ಟರು. ನಾಳೆ ರಶ್ ಇನ್ನೂ ಜಾಸ್ತಿ.

ಮನೆಗೆ ಬಂದು ಕಾಲು ಚಾಚಿದ್ದೇ ಗೊತ್ತು.

ಮಾರ್ಚ್ 22, ಶನಿವಾರ

ಸುಸ್ತು. ಬರೆಯಲೂ ಕೈ ಬರುತ್ತಿಲ್ಲ. ಡಯಾಲಿಸಿಸ್ ಮುಗಿಸಿ ಬಂದಾಗಿನಿಂದ ಕೌಂಟರ್. ನನ್ನ ಫೋನ್ ಒಂದು ಸಲವೂ ರಿಂಗ್ ಆಗಲಿಲ್ಲ, ಅದೊಂದು ಪುಣ್ಯ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 1.15

ಆಸ್ಪತ್ರೆ. ಕೆಳಗಿನ ಹಾಲ್. ಅಕ್ಷರ ನೆಟ್ಟಗಿಲ್ಲ. ಬರೆಯದೆ ಕೂತರೆ ಹುಚ್ಚು ಹಿಡಿಯುತ್ತದೆ.

ಹನ್ನೊಂದೂವರೆ ಇರಬಹುದು. ಎದುರಿಗೆ ಟೈಲರ್ ಒಬ್ಬರು, ಕುತ್ತಿಗೆಯಲ್ಲಿ ಟೇಪು. ಕಡ್ಡಿ ಫುಲ್ ಇದೆ ಎಂದು ವಾದ. ನಾನು ನನ್ನ ಪಲ್ಲವಿ ಶುರು ಮಾಡಿದೆ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ —

'ಏಯ್! ಕೌಂಟರ್ ಮೂರು!'

ಮೈದಾನದ ದನಿ. ಎಷ್ಟು ವರ್ಷದ ಮೇಲೆ! ಇಡೀ ಅಂಗಡಿ ತಿರುಗಿತು. ಅಕ್ಕ. ಹೆಗಲಿಗೆ ಆ ಬ್ಯಾಗು, ಕಾಲಿಗೆ ಬಾತ್‌ರೂಮ್ ಚಪ್ಪಲಿ, ಏದುಸಿರು. ಗಾರ್ಡ್ ಅಣ್ಣ 'ಮೇಡಂ, ನಿಮ್ಮ ಟೋಕನ್ ಇನ್ನೂ ಬಂದಿಲ್ಲ' ಎನ್ನುತ್ತಾ ಹಿಂದೆಯೇ. ಅವಳ ಕೈಯಲ್ಲಿ ಟೋಕನ್ ಬೇರೆ ಇತ್ತು!

'ನಿಮ್ಮ ಫೋನಿಗೆ ಬ್ಯಾಂಡ್ ಇಲ್ಲಮ್ಮಾ' ಎಂದಳು. 'ಕಡ್ಡಿ ನೋಡ್ಬೇಡಿ. ಕಾಲ್ ಮಾಡಿ ನೋಡಿ.' ಆಮೇಲೆ ದನಿ ಇಳಿಸಿ, 'ಕಾಲ್ ಬಂತು ಕಣೇ. ಏಳು.'

ಪರ್ಸಿನಿಂದ ಫೋನ್ ತೆಗೆದೆ. ಕಡ್ಡಿ ಪೂರ್ತಿ. ಒಂದೂ ಮಿಸ್ಡ್ ಕಾಲ್ ಇಲ್ಲ. ನೋಟಿಸು ನಾನೇ ಅಂಟಿಸಿದ್ದೆನಲ್ಲ. ನನ್ನ ಕೈಯಾರೆ. ಅದು ನನಗೂ ಅನ್ವಯಿಸುತ್ತದೆ ಎಂದು ತಲೆಗೆ ಹೋಗಲೇ ಇಲ್ಲ. ಆಸ್ಪತ್ರೆಯಿಂದ ಅವಳಿಗೆ ಕಾಲ್ ಬರುವುದನ್ನೇ ಯೋಚಿಸಿದೆ. ಅವಳು ನನಗೆ ಮಾಡಬೇಕಾಗುತ್ತದೆ ಎಂದು ಯೋಚಿಸಲಿಲ್ಲ.

ಟ್ಯಾಕ್ಸಿಯಲ್ಲಿ ಹೇಳಿದಳು. ನನಗೆ ಮಾಡಿ ಮಾಡಿ ಸಾಕಾಗಿ ಕಂಪನಿಗೆ ಮಾಡಿದಳಂತೆ. 'ಒಂದು ಒತ್ತಿ ಅಂತು, ಒತ್ತಿದೆ. ಎರಡು ಒತ್ತಿ ಅಂತು, ಒತ್ತಿದೆ. ಆಮೇಲೆ ಮ್ಯೂಸಿಕ್ ಹಾಕ್ತು. ಸಾಯೋ ಟೈಮಲ್ಲಿ ಯಾವಳು ಕೇಳ್ತಾಳೆ ಮ್ಯೂಸಿಕ್ಕು? ಸೈನ್ ಹಾಕೋಕೆ ನೀನು ಬೇಕಲ್ಲ, ಬಂದೆ.'

ನನಗೆ ಅಳು ತಡೆಯಲಾಗಲಿಲ್ಲ. 'ಅಳ್ಬೇಡ ಕಣೇ' ಎಂದಳು. 'ನಂಗೆ ಇಡೀ ದಿನಕ್ಕೆ ಮೂರು ಲೋಟ. ನೀನು ನೋಡಿದ್ರೆ ಹೀಗೆ ಪೋಲು ಮಾಡ್ತೀಯ.'

ಹತ್ತು ನಿಮಿಷ ಉಳಿದಿರುವಾಗ ತಲುಪಿದೆವು. ಆಫೀಸಿನ ಮೇಡಂ ಸಿಡಿಮಿಡಿ: 'ನಿಮ್ಮ ನಂಬರಿಗೂ ಮಾಡಿದ್ವಿ. ಸಿಗಲೇ ಇಲ್ಲ.' ಎಲ್ಲಿ ಕೆಲಸ ಎಂದು ಅವರು ಕೇಳಲಿಲ್ಲ, ಬದುಕಿದೆ. ನಂಬರ್ ಬದಲಾಯಿಸಿ ಅಕ್ಕನದನ್ನೇ ಬರೆಸಿದೆ. ಆ ಸಿಮ್ ಇರುವ ನನ್ನ ಫೋನ್ ಈಗ ನನ್ನ ಹತ್ತಿರ. ರಕ್ತ ಲ್ಯಾಬಿಗೆ ಹೋಗಿದೆ.

'ಇಬ್ಬರಲ್ಲಿ ಯಾರಿಗೆ ಹೊಂದುತ್ತೋ ಅವರ ಕಡೆಯವರಿಗೆ ಕಾಲ್ ಮಾಡ್ತೀವಿ. ತಕ್ಷಣ ಮೇಲೆ ಬಂದು ಸೈನ್ ಹಾಕಬೇಕು. ಸಿಗದಿದ್ರೆ ಕಾಯೋಕಾಗಲ್ಲ, ಇನ್ನೊಬ್ಬರದು ನೋಡ್ತೀವಿ' ಎಂದರು.

ಅದೇ ದಿನ, ಸಂಜೆ 5.20

ಎದುರಿನ ಬೆಂಚಿನಲ್ಲಿ ಒಬ್ಬರಿದ್ದಾರೆ. ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಬಂದಿದ್ದಾರೆ. ಇವರ ತಮ್ಮನೇ ಆ ಇನ್ನೊಬ್ಬ. ಹೋದ ವರ್ಷವೂ ಹೀಗೇ ಎದುರುಬದುರು ಕೂತಿದ್ದೆ, ಬೇರೆ ಯಾರದೋ ಕಡೆಯವರ ಜೊತೆ.

ಸುಮ್ಮನೆ ಕೂರಲು ಆಗಲಿಲ್ಲ. ಕೇಳಿಯೇಬಿಟ್ಟೆ. 'ಅಣ್ಣ, ಒಂದ್ಸಲ ಈ ನಂಬರಿಗೆ ಕಾಲ್ ಮಾಡ್ತೀರಾ? ರಿಂಗ್ ಆಗುತ್ತಾ ನೋಡ್ಬೇಕಿತ್ತು.'

ಮಾಡಿದರು. ಆಗಲಿಲ್ಲ.

'ನಂದು ಕಡ್ಡಿ ಫುಲ್ ಇದೆ ತಂಗಿ. ನಿಮ್ಮದೇ ಏನೋ.'

ಅವರ ಕೈಯಲ್ಲಿದ್ದ ಫೋನ್ ನೋಡಿದೆ. ಅಕ್ಕನದೇ ಮಾಡೆಲ್. ಪರ್ಸಿನಲ್ಲಿರುವುದರ ಅವಳಿ.

ಸುಮ್ಮನಿರೋಣ ಎನಿಸಿತು. ಯಾರೂ ಓದದ ಈ ಜಾಗದಲ್ಲಿ ಸುಳ್ಳೇಕೆ. ಒಂದು ಕ್ಷಣವಲ್ಲ, ತುಂಬ ಹೊತ್ತೇ. ಅವರಿಗೆ ಕಾಲ್ ಹೋಗುತ್ತದೆ, ಸಿಗುವುದಿಲ್ಲ. ಆಮೇಲೆ ನಮ್ಮದು. ನಾನೇನೂ ಮಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವರು ಜೇಬಿನಿಂದ ಬಿಸ್ಕೆಟ್ ಪ್ಯಾಕೆಟ್ ತೆಗೆದು ನನ್ನ ಕಡೆ ಚಾಚಿದರು. 'ತಗೊಳ್ಳಿ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀವೂ.'

ಬೇಡ ಎಂದೆ. ಆಮೇಲೆ ಹೇಳಿದೆ. ಆ ಮಾತು ಇಷ್ಟು ಭಾರ ಎಂದು ಗೊತ್ತಿರಲಿಲ್ಲ. 'ಕಡ್ಡಿ ನೋಡ್ಬೇಡಿ ಅಣ್ಣ.'

ವಿಷಯ ಕೇಳಿ ಅವರು ಎದ್ದೇ ಬಿಟ್ಟರು. ಇನ್ನೊಂದು ಫೋನ್ ಕೊಳ್ಳಲು ಹೋಗುವ ಹಾಗಿಲ್ಲ, ನಂಬರ್ ಬದಲಾಯಿಸೋಣವೆಂದರೆ ಮೇಡಂ ರೂಮಿಗೆ ಬೀಗ, ಮೇಲೆ ಬಿಡುತ್ತಿಲ್ಲ. ನನ್ನ ಸೇಫ್ಟಿ ಪಿನ್ ತೆಗೆದೆ. ಅವರ ಸಿಮ್ ಬಿಚ್ಚಿ ನನ್ನ ಫೋನಿನ ಎರಡನೇ ಸಿಮ್ ಜಾಗಕ್ಕೆ ಹಾಕಿದೆ. ದಾರಿಯಲ್ಲಿ ಹೋಗುತ್ತಿದ್ದ ಆಯಾ ಒಬ್ಬರ ಕೈಯಲ್ಲಿ ಎರಡಕ್ಕೂ ಕಾಲ್ ಮಾಡಿಸಿದೆ. ಎರಡೂ ರಿಂಗ್ ಆಯಿತು. ಪಾಸ್.

ಅಕ್ಕನಿಗೆ ಗೊತ್ತಾದರೆ ಏನೆನ್ನುತ್ತಾಳೋ. ಬೈಯುತ್ತಾಳೆ. ಬೈಯಲಿ, ಮೈದಾನದ ದನಿಯಲ್ಲೇ ಬೈಯಲಿ.

5.50

ಅವರು ನನ್ನ ಬೆಂಚಿಗೇ ಬಂದು ಕೂತಿದ್ದಾರೆ. ನಡುವೆ ಫೋನ್, ಮಕಾಡೆ ಇಟ್ಟಿದ್ದೇವೆ. ಒಂದನೇ ಸಿಮ್ ಅಕ್ಕನದು, ಎರಡನೆಯದು ಅವರದು. ಬಿಸ್ಕೆಟ್ ತಿಂದೆ.

ದೇವರೇ, ಅವಳಿಗೇ ಆಗಲಿ. ಕೇಳುವುದಕ್ಕೆ ನಾಚಿಕೆ, ಆದರೂ ಅವಳಿಗೇ. ಪಕ್ಕದಲ್ಲಿ ಇವರೂ ಅದನ್ನೇ —

ರಿಂಗ್ ಆಗುತ್ತಿದೆ. ಯಾರೂ ಕೈ ಹಾಕುತ್ತಿಲ್ಲ. 'ನೀವೇ ನೋಡಿ ತಂಗಿ' ಎನ್ನುತ್ತಿದ್ದಾರೆ. ತಿರುಗಿಸಿದೆ. ಪರದೆಯ ಮೇಲೆ ಸಿಮ್ —